ಕಂಪ್ಯೂಟರಿನಲ್ಲಿ ಸಾಲಿಟೇರ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಮ್ಮಿ, ಇಪ್ಪತ್ತೆಂಟು, ಕತ್ತೆ ಆಟಗಳಲ್ಲಿ ಪಳಗಿದವರಿಗೂ ಕಂಪ್ಯೂಟರಿನ ಸಾಲಿಟೇರ್ ಮೊದಲ ದಿನ ಗೊಂದಲವನ್ನೇ ತರುತ್ತದೆ. ಎದುರಿನವರ ಮುಖ ನೋಡಿ ಎಲೆ ಬಿಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಎದುರಿಗೆ ಯಾರೂ ಇಲ್ಲ. ಕೈಯಲ್ಲಿ ಹಿಡಿಯಲು ಎಲೆಯೂ ಇಲ್ಲ. ಹೊಸಬರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಹೆಚ್ಚಿನ ಮಾತು ಕ್ಲಾಂಡೈಕ್ ಎಂಬ ಬಗೆಯನ್ನು ಕುರಿತದ್ದು. ಫ್ರೀಸೆಲ್ ಮತ್ತು ಸ್ಪೈಡರ್ ಆಟಗಳ ವಿಚಾರ ಕೊನೆಯ ಭಾಗದಲ್ಲಿದೆ.

ಸಾಲಿಟೇರ್ ಎಂಬುದು ಒಂದೇ ಆಟದ ಹೆಸರೇ?

ಅಲ್ಲ. ಒಬ್ಬರೇ ಕುಳಿತು ಆಡುವ ಇಸ್ಪೀಟಾಟಗಳೆಲ್ಲಕ್ಕೂ ಸೇರಿ ಇರುವ ಹೆಸರು ಅದು. ಇಂಗ್ಲೆಂಡಿನಲ್ಲಿ ಇವನ್ನೇ ಪೇಷನ್ಸ್, ಅಂದರೆ ತಾಳ್ಮೆ, ಎಂದು ಕರೆಯುತ್ತಾರೆ. ಆಡಿ ನೋಡಿದವರಿಗೆ ಆ ಹೆಸರೇ ಹೆಚ್ಚು ಒಪ್ಪುತ್ತದೆ. ಇಂಥ ಆಟಗಳು ನೂರಾರಿವೆ. ಆದರೆ ಕಂಪ್ಯೂಟರಿನ ಸಂದರ್ಭದಲ್ಲಿ ಯಾರಾದರೂ ಬರಿದೆ ‘ಸಾಲಿಟೇರ್’ ಎಂದರೆ ಬಹುಮಟ್ಟಿಗೆ ಅವರು ಹೇಳುತ್ತಿರುವುದು ಕ್ಲಾಂಡೈಕ್ ಆಟದ ಮಾತನ್ನೇ. ಕೆನಡಾದ ಯೂಕಾನ್ ಸೀಮೆಯಲ್ಲಿ 1890ರ ದಶಕದಲ್ಲಿ ಚಿನ್ನ ಸಿಕ್ಕಿತೆಂದು ಜನ ಮುಗಿಬಿದ್ದ ಪ್ರದೇಶದ ಹೆಸರೂ ಕ್ಲಾಂಡೈಕ್ ಎಂದೇ.

ಕಂಪ್ಯೂಟರಿನಲ್ಲಿ ಈ ಆಟ ಎಲ್ಲಿ ಸಿಗುತ್ತದೆ?

ವಿಂಡೋಸ್ 3.0ರಿಂದ ವಿಂಡೋಸ್ 7ರವರೆಗಿನ ಕಂಪ್ಯೂಟರುಗಳಲ್ಲಿ ಸಾಲಿಟೇರ್ ಸಾಮಾನ್ಯವಾಗಿ ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಲ್ಲಿ ಅದನ್ನು ತೆಗೆದು, 2012ರಲ್ಲಿ ‘ಮೈಕ್ರೋಸಾಫ್ಟ್ ಸಾಲಿಟೇರ್ ಕಲೆಕ್ಷನ್’ ಎಂಬ ಬೇರೆ ಆ್ಯಪ್ ಆಗಿ ಕೊಟ್ಟರು. ಅದರಲ್ಲಿ ಕ್ಲಾಂಡೈಕ್, ಸ್ಪೈಡರ್, ಫ್ರೀಸೆಲ್, ಪಿರಮಿಡ್, ಟ್ರೈಪೀಕ್ಸ್ ಎಂಬ ಐದು ಆಟಗಳಿವೆ. ಸ್ಟಾರ್ಟ್ ಮೆನುವಿನಲ್ಲಿ ಹೆಸರನ್ನು ಟೈಪ್ ಮಾಡಿ ಹುಡುಕಿ. ಸಿಗದಿದ್ದರೆ ಮೈಕ್ರೋಸಾಫ್ಟ್ ಸ್ಟೋರಿನಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ಉಚಿತ ರೂಪದಲ್ಲಿ ಜಾಹೀರಾತುಗಳು ಬರುತ್ತವೆ. ಲಿನಕ್ಸ್ ಬಳಸುವವರಿಗೆ ಐಲ್‌ರಯಟ್, ಕೆಪೇಷನ್ಸ್ ಎಂಬ ಮುಕ್ತ ತಂತ್ರಾಂಶಗಳಿವೆ. ಮೊದಲನೆಯದೊಂದರಲ್ಲೇ ಎಂಬತ್ತಕ್ಕೂ ಹೆಚ್ಚು ಬಗೆಯ ಆಟಗಳಿದ್ದು ಜಾಹೀರಾತಿನ ಕಾಟವಿಲ್ಲ.

ಎಲೆಗಳ ಮೇಲೆ ಇಂಗ್ಲಿಷ್ ಅಕ್ಷರಗಳಿವೆ. ಅವುಗಳನ್ನು ಓದಿಕೊಳ್ಳುವುದು ಹೇಗೆ?

‘ಎ’ ಎಂದಿರುವುದು ಎಕ್ಕ, ‘ಜೆ’ ಗುಲಾಮ, ‘ಕ್ಯೂ’ ರಾಣಿ, ‘ಕೆ’ ರಾಜ. ಈ ಆಟದಲ್ಲಿ ಎಕ್ಕವೇ ಎಲ್ಲಕ್ಕಿಂತ ಚಿಕ್ಕ ಎಲೆ, ರಾಜನೇ ದೊಡ್ಡ ಎಲೆ. ಎಕ್ಕವನ್ನು ರಾಜನಿಗಿಂತ ಮೇಲೆಂದು ಎಣಿಸುವ ಆಟಗಳಿಂದ ಬಂದವರು ಇದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಜಾತಿಗಳು ನಾಲ್ಕು: ಇಸ್ಪೀಟು ಮತ್ತು ಕಳಾವರ್ ಕಪ್ಪು, ಆಟಿನ್ ಮತ್ತು ಡೈಮಂಡ್ ಕೆಂಪು. ಕನ್ನಡದಲ್ಲಿ ಇಸ್ಪೀಟು ಎಂದರೆ ಇಡೀ ಆಟವೂ ಹೌದು, ಒಂದು ಜಾತಿಯೂ ಹೌದು. ಇಲ್ಲಿ ‘ಇಸ್ಪೀಟು ಏಳು’ ಎಂದು ಬರೆದಾಗ ಅದು ಜಾತಿ ಎಂದು ತಿಳಿಯಬೇಕು. ಜೋಕರ್ ಇರುವುದಿಲ್ಲ.

ಆಟ ತೆರೆದಾಗ ಪರದೆಯ ಮೇಲೆ ಕಾಣುವುದು ಏನು?

ಕೆಳಗಡೆ ಏಳು ಸಾಲುಗಳು ನೇತುಬಿದ್ದಂತೆ ಇರುತ್ತವೆ. ಎಡಗಡೆಯ ಮೊದಲ ಸಾಲಿನಲ್ಲಿ ಒಂದು ಎಲೆ, ಎರಡನೆಯದರಲ್ಲಿ ಎರಡು, ಹೀಗೆ ಏರುತ್ತಾ ಏಳನೆಯ ಸಾಲಿನಲ್ಲಿ ಏಳು ಎಲೆಗಳಿರುತ್ತವೆ. ಒಟ್ಟು 28. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ತೆರೆದಿದ್ದು ಉಳಿದವು ಕವುಚಿ ಬಿದ್ದಿರುತ್ತವೆ. ಅಂದರೆ ಆಟ ಶುರುವಾಗುವಾಗ ಸಾಲುಗಳಲ್ಲಿ ಕಾಣುವ ಎಲೆ ಏಳು, ಮುಚ್ಚಿದ ಎಲೆ 21. ಹಂಚಿ ಉಳಿದ 24 ಎಲೆಗಳು ಮೇಲಿನ ಮೂಲೆಯಲ್ಲಿ ಕಟ್ಟಾಗಿ ಕುಳಿತಿರುತ್ತವೆ. ಅದರ ಪಕ್ಕದ ಜಾಗ ಕಟ್ಟಿನಿಂದ ತೆಗೆದ ಎಲೆ ತೆರೆದು ಬೀಳುವ ರಾಶಿಗೆ ಮೀಸಲು. ಮೇಲ್ಗಡೆಯೇ ಇನ್ನೊಂದು ಬದಿಯಲ್ಲಿ ನಾಲ್ಕು ಖಾಲಿ ಚೌಕಗಳು ಕಾಣುತ್ತವೆ. ಇಂಗ್ಲಿಷಿನಲ್ಲಿ ಇವನ್ನು ಫೌಂಡೇಶನ್ ಎನ್ನುತ್ತಾರೆ. ಪಗಡೆ, ಚೌಕಾಬಾರ ಆಡಿದ ನಮಗೆ ‘ಮನೆ’ ಎಂದರೆ ಸಾಕು, ಅರ್ಥವಾಗುತ್ತದೆ. ಈ ಪುಟದ ಉದ್ದಕ್ಕೂ ಆ ಮಾತನ್ನೇ ಬಳಸಲಾಗಿದೆ.

ನಿಯಮಗಳು ಏನು?

ಒಂದೊಂದು ಜಾತಿಗೆ ಒಂದೊಂದು ಮನೆ. ಎಕ್ಕದಿಂದ ತೊಡಗಿ ಎರಡು, ಮೂರು ಎಂದು ಏರುವ ಕ್ರಮದಲ್ಲಿ ರಾಜನವರೆಗೆ ಆಯಾ ಜಾತಿಯ ಹದಿಮೂರು ಎಲೆಗಳನ್ನು ಅದರ ಮನೆಗೆ ಸೇರಿಸಬೇಕು. ಐವತ್ತೆರಡೂ ಎಲೆಗಳು ಮನೆ ಸೇರಿದರೆ ಗೆದ್ದಂತೆ.

ಸಾಲುಗಳಲ್ಲಿ ಎಲೆ ಜೋಡಿಸುವ ಕ್ರಮ ಇದಕ್ಕೆ ತಿರುಗು ಮುರುಗು. ಅಲ್ಲಿ ಇಳಿಯುವ ಕ್ರಮ ಇರಬೇಕು, ಬಣ್ಣ ಒಂದು ಬಿಟ್ಟು ಒಂದು ಬದಲಾಗಬೇಕು. ಕಪ್ಪು ಎಂಟರ ಮೇಲೆ ಕೆಂಪು ಏಳನ್ನು ಇಡಬಹುದು, ಆ ಕೆಂಪು ಏಳರ ಮೇಲೆ ಕಪ್ಪು ಆರನ್ನು ಇಡಬಹುದು. ಕಪ್ಪು ಎಂಟರ ಮೇಲೆ ಕಪ್ಪು ಏಳು ಕೂರುವುದಿಲ್ಲ. ಹೀಗೆ ಜೋಡಿಸಿದ ಸರಣಿಯನ್ನು ಪೂರ್ತಿಯಾಗಿ ಅಥವಾ ಅದರ ಕೊನೆಯ ಒಂದು ಭಾಗವನ್ನು ಎತ್ತಿ ಇನ್ನೊಂದು ಸಾಲಿಗೆ ಸರಿಸಬಹುದು. ಸರಿಸಿದ ಮೇಲೆ ಕೆಳಗಿನ ಮುಚ್ಚಿದ ಎಲೆ ತೆರೆದುಕೊಳ್ಳುತ್ತದೆ. ಸಾಲು ಪೂರ್ತಿ ಖಾಲಿಯಾದರೆ ಆ ಜಾಗಕ್ಕೆ ರಾಜನನ್ನು, ಇಲ್ಲವೇ ರಾಜನಿಂದ ತೊಡಗುವ ಸರಣಿಯನ್ನು, ಮಾತ್ರ ತರಬಹುದು. ಕಟ್ಟಿನಿಂದ ತೆರೆದ ರಾಶಿಯ ಮೇಲ್ತುದಿಯ ಎಲೆಯನ್ನು ಸಾಲಿಗೋ ಮನೆಗೋ ಆಡಬಹುದು. ಸಾಲಿನಿಂದ ಆ ರಾಶಿಗೆ ಎಲೆಯನ್ನು ಹಿಂದಕ್ಕೆ ಕೊಡುವಂತಿಲ್ಲ.

ನಿಯಮ ಇಷ್ಟೇ. ಹತ್ತು ನಿಮಿಷದಲ್ಲಿ ಕಲಿಯಬಹುದು.

ಮೌಸ್ ಸರಿಯಾಗಿ ಹಿಡಿಯಲು ಬರುವುದಿಲ್ಲ. ತೊಂದರೆಯಾಗುತ್ತದೆಯೇ?

ಆಗುವುದಿಲ್ಲ, ಬದಲಿಗೆ ಮೌಸಿನ ಹಿಡಿತವೇ ಈ ಆಟದಿಂದ ಬರುತ್ತದೆ. ಎಲೆಯ ಮೇಲೆ ಬಾಣವನ್ನು ಇಟ್ಟು, ಎಡ ಗುಂಡಿಯನ್ನು ಒತ್ತಿ ಹಿಡಿದು, ಬಿಡದೆ ಎಳೆದು, ಬೇಕಾದ ಜಾಗದಲ್ಲಿ ಗುಂಡಿಯನ್ನು ಬಿಡಬೇಕು. ಜಾಗ ತಪ್ಪಾದರೆ ಎಲೆ ತಾನಾಗಿ ಹಿಂದಕ್ಕೆ ಹೋಗುತ್ತದೆ, ನಷ್ಟವೇನಿಲ್ಲ. ಸರಣಿಯನ್ನು ಎತ್ತುವಾಗ ಅದರ ತುದಿಯ ಎಲೆಯನ್ನು ಹಿಡಿಯಬಾರದು. ಎಲ್ಲಿಂದ ಎತ್ತಬೇಕೋ ಆ ಎಲೆಯನ್ನೇ ಹಿಡಿದರೆ ಅದರ ಮೇಲಿನವೆಲ್ಲ ಜೊತೆಗೇ ಬರುತ್ತವೆ. ಎಳೆಯುವುದು ಕಷ್ಟವೆನಿಸುವವರಿಗೆ ಈಗಿನ ಬಹುತೇಕ ಆವೃತ್ತಿಗಳಲ್ಲಿ ಬರಿದೆ ಕ್ಲಿಕ್ ಮಾಡಿದರೂ ಎಲೆ ಸರಿಯುವ ಸೌಲಭ್ಯವಿದೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಕ್ಲಿಕ್ ಮಾಡಿದಾಗ ಎಲೆ ಎಲ್ಲಿಗೆ ಹೋಗಬೇಕೆಂಬುದನ್ನು ಕಂಪ್ಯೂಟರೇ ನಿರ್ಧರಿಸುತ್ತದೆ, ಅದರ ಆಯ್ಕೆ ನಿಮ್ಮ ಆಯ್ಕೆಯೇ ಆಗಿರಬೇಕೆಂದಿಲ್ಲ. ಆದ್ದರಿಂದ ಎಳೆದು ಬಿಡುವುದನ್ನೇ ಅಭ್ಯಾಸ ಮಾಡಿಕೊಳ್ಳುವುದು ಮೇಲು.

ಒಂದೊಂದು ಎಲೆ ತೆಗೆಯುವ ಆಟ, ಮೂರು ಮೂರು ತೆಗೆಯುವ ಆಟ ಎಂದು ಕೇಳುತ್ತದೆ. ಯಾವುದನ್ನು ಆರಿಸಬೇಕು?

ಕಲಿಯುವವರು ಒಂದೊಂದರ ಆಟವನ್ನೇ ಆರಿಸಬೇಕು. ಅದರಲ್ಲಿ ಕಟ್ಟಿನ 24 ಎಲೆಗಳಲ್ಲಿ ಪ್ರತಿಯೊಂದೂ ಒಮ್ಮೆ ಮೇಲಕ್ಕೆ ಬರುತ್ತದೆ, ಪ್ರತಿಯೊಂದನ್ನೂ ಬಳಸುವ ಅವಕಾಶವಿರುತ್ತದೆ.

ಮೂರರ ಆಟದ ಸ್ವಭಾವವೇ ಬೇರೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಟ್ಟನ್ನು ಒತ್ತಿದಾಗ ಮೂರು ಎಲೆಗಳು ಒಟ್ಟಿಗೆ ತೆರೆದು ಬೀಳುತ್ತವೆ, ಆದರೆ ಮೇಲಿನದನ್ನು ಮಾತ್ರ ಆಡಬಹುದು. ಅದನ್ನು ಆಡಿದರೆ ಅದರ ಕೆಳಗಿನದು ಆಟಕ್ಕೆ ಬರುತ್ತದೆ. ಕಟ್ಟಿನ ಎಲೆಗಳಿಗೆ ಕ್ರಮವಾಗಿ 1ರಿಂದ 24ರವರೆಗೆ ಸಂಖ್ಯೆ ಕೊಟ್ಟೆವೆಂದು ಭಾವಿಸೋಣ. ಏನನ್ನೂ ಆಡದೆ ಒಂದು ಸುತ್ತು ಮುಗಿಸಿದರೆ ನಿಮಗೆ ದಕ್ಕುವ ಎಲೆಗಳು 3, 6, 9, 12, 15, 18, 21 ಮತ್ತು 24, ಒಟ್ಟು ಎಂಟು ಮಾತ್ರ. ತೆರೆದ ರಾಶಿಯನ್ನು ಕವುಚಿ ಮತ್ತೆ ಕಟ್ಟಾಗಿಸಿ ಎಷ್ಟು ಸುತ್ತು ತಿರುಗಿಸಿದರೂ ಅವೇ ಎಂಟು ಮರಳಿ ಬರುತ್ತವೆ. ಈಗ 6ನೆಯ ಎಲೆಯನ್ನು ಆಡಿದಿರಿ ಎಂದುಕೊಳ್ಳಿ. ಮುಂದಿನ ಸುತ್ತಿನಲ್ಲಿ ಮೇಲಕ್ಕೆ ಬರುವವು 3, 7, 10, 13, 16, 19, 22 ಮತ್ತು 24. ಒಂದೇ ಒಂದು ಎಲೆ ಹೊರಬಿದ್ದದ್ದಕ್ಕೆ ಅದರ ಹಿಂದಿನ ಸಾಲೆಲ್ಲ ಒಂದು ಹೆಜ್ಜೆ ಸರಿದು, ಈವರೆಗೆ ಮುಖ ತೋರಿಸಿಯೂ ಕೈಗೆ ಸಿಗದಿದ್ದ ಎಲೆಗಳು ಸಿಗುವಂತಾದವು. ಕಟ್ಟಿನ ಮೊದಲ ಭಾಗದಿಂದ ಎಲೆ ತೆಗೆದರೆ ಹಿಂದಿನದೆಲ್ಲ ಬದಲಾಗುತ್ತದೆ, ಕೊನೆಯ ಭಾಗದಿಂದ ತೆಗೆದರೆ ಮುಂದಿನದು ಹಾಗೆಯೇ ಉಳಿಯುತ್ತದೆ. ಈ ಲೆಕ್ಕವನ್ನು ಮನಸ್ಸಿನಲ್ಲಿ ಹಿಡಿದವರಿಗೆ ಮೂರರ ಆಟ ರುಚಿಸುತ್ತದೆ. ಇದು ತಿಳಿಯದೆ ಆಡುವವರಿಗೆ ಅದು ಬರಿಯ ಅದೃಷ್ಟದ ಆಟವಾಗಿ ಕಾಣುತ್ತದೆ.

ಆಡಬಹುದಾದ ನಡೆ ಎರಡು ಮೂರು ಇದ್ದಾಗ ಯಾವುದನ್ನು ಆರಿಸಬೇಕು?

ಹೊಸಬರು ಸೋಲುವುದು ನಿಯಮ ತಿಳಿಯದೆ ಅಲ್ಲ, ಈ ಪ್ರಶ್ನೆಯನ್ನು ಕೇಳಿಕೊಳ್ಳದೆ. ನಾಲ್ಕು ಮನೆಗಳನ್ನು ತುಂಬುವುದು ಆಟದ ಗುರಿ ಎಂದು ಹೇಳಿಕೊಟ್ಟೊಡನೆ ಕಣ್ಣೆಲ್ಲ ಮನೆಗಳ ಮೇಲೆಯೇ ನೆಡುತ್ತದೆ. ಮೊದಲರ್ಧದಲ್ಲಿ ನಿಜವಾದ ಕೆಲಸ ಇರುವುದು 21 ಮುಚ್ಚಿದ ಎಲೆಗಳನ್ನು ತೆರೆಯುವುದರಲ್ಲಿ. ಅವು ತೆರೆದ ಮೇಲೆ ಮನೆಗಳು ಹೆಚ್ಚುಕಡಿಮೆ ತಾವಾಗಿಯೇ ತುಂಬುತ್ತವೆ. ಆದ್ದರಿಂದ ಪ್ರತಿಯೊಂದು ನಡೆಯ ಮುಂಚೆ ‘ಇದರಿಂದ ಮುಚ್ಚಿದ ಎಲೆಯೊಂದು ತೆರೆಯುತ್ತದೆಯೇ?’ ಎಂದು ನೋಡಬೇಕು. ತೆರೆಯದಿದ್ದರೆ, ಆ ನಡೆ ಇನ್ನೊಂದು ಎಲೆ ತೆರೆಯಲು ದಾರಿ ಮಾಡಿಕೊಡುತ್ತದೆಯೇ ಎಂದು ನೋಡಬೇಕು. ಎರಡೂ ಇಲ್ಲವೆಂದಾದರೆ ಆ ನಡೆಯನ್ನು ಆಡದೆ ಇರುವುದೇ ಸರಿ. ಆಡಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆಡಬಾರದು.

ಉದಾಹರಣೆಗೆ, ಮೊದಲ ಸಾಲಿನಲ್ಲಿ ಕಳಾವರ್ ಏಳು ಇದೆ. ಮೂರನೆಯ ಸಾಲಿನ ತುದಿಯಲ್ಲಿ ಆಟಿನ್ ಆರು, ಏಳನೆಯ ಸಾಲಿನ ತುದಿಯಲ್ಲಿ ಡೈಮಂಡ್ ಆರು ಇವೆ. ಏಳರ ಮೇಲೆ ಒಂದು ಆರಕ್ಕೆ ಮಾತ್ರ ಜಾಗ. ಮೂರನೆಯ ಸಾಲಿನಲ್ಲಿ ಮುಚ್ಚಿದ್ದು ಎರಡೇ ಎಲೆ, ಏಳನೆಯದರಲ್ಲಿ ಆರು. ಸಾಮಾನ್ಯವಾಗಿ ಉದ್ದದ ಸಾಲಿನಿಂದಲೇ, ಅಂದರೆ ಏಳನೆಯದರಿಂದ, ಎತ್ತುವುದು ಲೇಸು; ಏಕೆಂದರೆ ಅದರ ಆರು ಎಲೆಗಳನ್ನು ಬಿಡಿಸಲು ಹೆಚ್ಚು ನಡೆಗಳು ಬೇಕು, ತಡವಾಗಿ ತೊಡಗಿದರೆ ಅಷ್ಟರಲ್ಲಿ ಬೇರೆ ಜಾಗಗಳು ಮುಚ್ಚಿಹೋಗಿರುತ್ತವೆ. ಆದರೆ ಯಾವುದೋ ಸಾಲಿನ ತುದಿಯಲ್ಲಿ ರಾಜನೊಬ್ಬ ಕುಳಿತು ತನ್ನ ಕೆಳಗೆ ನಾಲ್ಕೈದು ಎಲೆಗಳನ್ನು ಅದುಮಿಟ್ಟಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗ ಚಿಕ್ಕ ಸಾಲನ್ನು ಬೇಗ ಬರಿದು ಮಾಡಿ ಅವನನ್ನು ಅಲ್ಲಿಗೆ ಕಳುಹಿಸುವುದರಲ್ಲಿ ಲಾಭವಿದೆ.

ಸಾಲನ್ನು ಆದಷ್ಟು ಬೇಗ ಖಾಲಿ ಮಾಡಿಕೊಳ್ಳುವುದು ಒಳ್ಳೆಯದಲ್ಲವೇ?

ರಾಜ ಸಿದ್ಧನಾಗಿದ್ದರೆ ಮಾತ್ರ. ಖಾಲಿ ಸಾಲಿಗೆ ಬೇರೆ ಯಾವ ಎಲೆಯೂ ಬರುವಂತಿಲ್ಲವಾದ್ದರಿಂದ, ರಾಜನಿಲ್ಲದೆ ಖಾಲಿ ಮಾಡಿದ ಸಾಲು ಕೆಲಸಕ್ಕೆ ಬಾರದ ಜಾಗವಾಗುತ್ತದೆ. ಏಳು ಸಾಲಿನ ಆಟವನ್ನು ನೀವೇ ಆರು ಸಾಲಿಗೆ ಇಳಿಸಿಕೊಂಡಂತೆ.

ಇಬ್ಬರು ರಾಜರಿದ್ದು ಜಾಗ ಒಂದೇ ಇದ್ದರೆ ಯಾರನ್ನು ತರಬೇಕೆಂಬುದು ಇನ್ನಷ್ಟು ಸೂಕ್ಷ್ಮವಾದ ವಿಷಯ. ಆ ರಾಜನ ಮೇಲೆ ಮುಂದೆ ಯಾವ ಎಲೆಗಳು ಕೂರಬೇಕೆಂದು ಎರಡು ಮೆಟ್ಟಿಲು ಕೆಳಗಿನವರೆಗೆ ನೋಡಬೇಕು. ಕೆಂಪು ರಾಜನ ಮೇಲೆ ಕಪ್ಪು ರಾಣಿ, ಅವಳ ಮೇಲೆ ಕೆಂಪು ಗುಲಾಮ ಬರುತ್ತಾರೆ. ನಿಮ್ಮ ಸಾಲುಗಳಲ್ಲಿ ಕೆಂಪು ಗುಲಾಮನೊಬ್ಬ ಉದ್ದದ ಸರಣಿಯನ್ನು ಹೊತ್ತು ಜಾಗಕ್ಕಾಗಿ ಕಾಯುತ್ತಿದ್ದು, ಕಪ್ಪು ರಾಣಿಯೂ ಕೈಗೆಟುಕುವಂತಿದ್ದರೆ ಕೆಂಪು ರಾಜನನ್ನೇ ತರಬೇಕು. ಕಪ್ಪು ರಾಜನನ್ನು ಅವಸರದಲ್ಲಿ ಕೂರಿಸಿ ಆಮೇಲೆ ಪರಿತಪಿಸುವುದು ಕಲಿಯುವವರಲ್ಲಿ ಬಹಳ ಸಾಮಾನ್ಯ.

ಮನೆಗೆ ಹೋಗಬಲ್ಲ ಎಲೆಯನ್ನು ಕೂಡಲೇ ಕಳುಹಿಸಿಬಿಡಬೇಕೇ?

ಎಕ್ಕ ಮತ್ತು ಎರಡನ್ನು ಕೂಡಲೇ ಕಳುಹಿಸಬಹುದು. ಎಕ್ಕದ ಮೇಲೆ ಸಾಲಿನಲ್ಲಿ ಏನೂ ಕೂರುವುದಿಲ್ಲ. ಎರಡರ ಮೇಲೆ ಕೂರಬಲ್ಲದ್ದು ಎಕ್ಕ ಮಾತ್ರ, ಎಕ್ಕ ಹೇಗೂ ಮನೆಗೇ ಹೋಗುತ್ತದೆ. ಮೂರರಿಂದ ಮೇಲಿನ ಎಲೆಗಳ ವಿಚಾರದಲ್ಲಿ ಸ್ವಲ್ಪ ತಡೆಯಬೇಕು, ಏಕೆಂದರೆ ಆ ಎಲೆ ಸಾಲಿನಲ್ಲೇ ಇದ್ದರೆ ಅದರ ಮೇಲೆ ಇನ್ನೊಂದನ್ನು ಕೂರಿಸಿ ಮುಚ್ಚಿದ ಎಲೆಯೊಂದನ್ನು ಬಿಡಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಕೆಂಪು ಐದನ್ನು ಅವಸರದಿಂದ ಮನೆಗೆ ಕಳುಹಿಸಿದ ಮರುಕ್ಷಣವೇ ಕಪ್ಪು ನಾಲ್ಕು ತೆರೆದುಕೊಂಡು, ಅದಕ್ಕೆ ಜಾಗವಿಲ್ಲದೆ ಆಟ ನಿಂತುಹೋಗುವುದುಂಟು.

ಇದಕ್ಕೊಂದು ಖಚಿತವಾದ ಸೂತ್ರವಿದೆ. ಒಂದು ಎಲೆಗಿಂತ ಒಂದು ದರ್ಜೆ ಕಡಿಮೆಯಾದ, ಬೇರೆ ಬಣ್ಣದ ಎಲೆಗಳೆರಡೂ ಆಗಲೇ ಮನೆ ಸೇರಿದ್ದರೆ ಆ ಎಲೆಯನ್ನು ಅಳುಕಿಲ್ಲದೆ ಕಳುಹಿಸಬಹುದು. ಅಂದರೆ ಇಸ್ಪೀಟು ನಾಲ್ಕು, ಕಳಾವರ್ ನಾಲ್ಕು ಎರಡೂ ಮನೆಯಲ್ಲಿದ್ದರೆ ಕೆಂಪು ಐದಕ್ಕೆ ಸಾಲಿನಲ್ಲಿ ಇನ್ನು ಕೆಲಸವಿಲ್ಲ. ತಪ್ಪಾಗಿ ಕಳುಹಿಸಿದ್ದರೂ ಹಳೆಯ ವಿಂಡೋಸ್ ಸಾಲಿಟೇರಿನಲ್ಲಿ ಮನೆಯ ಮೇಲ್ತುದಿಯ ಎಲೆಯನ್ನು ಸಾಲಿಗೆ ಹಿಂದಕ್ಕೆ ಎಳೆಯಬಹುದಿತ್ತು. ಅದಕ್ಕೆ ದಂಡ 15 ಅಂಕ.

ಹಂಚಿದ ಎಲ್ಲ ಆಟಗಳನ್ನೂ ಗೆಲ್ಲಲು ಸಾಧ್ಯವೇ?

ಸಾಧ್ಯವಿಲ್ಲ, ಮತ್ತು ಇದನ್ನು ಮೊದಲೇ ತಿಳಿದುಕೊಂಡರೆ ಅನೇಕರ ಬೇಸರ ತಪ್ಪುತ್ತದೆ. ಒಂದು ಸಣ್ಣ ಉದಾಹರಣೆ ನೋಡಿ. ನಾಲ್ಕನೆಯ ಸಾಲಿನ ತುದಿಯಲ್ಲಿ ಆಟಿನ್ ಮೂರು ತೆರೆದು ಕುಳಿತಿದೆ, ಅದರ ಕೆಳಗೆ ಮುಚ್ಚಿರುವ ಮೂರು ಎಲೆಗಳು ಆಟಿನ್ ಎರಡು, ಇಸ್ಪೀಟು ನಾಲ್ಕು, ಕಳಾವರ್ ನಾಲ್ಕು ಎಂದಿಟ್ಟುಕೊಳ್ಳಿ. ಆಟಿನ್ ಮೂರು ಅಲ್ಲಾಡಬೇಕಾದರೆ ಒಂದು ಕಪ್ಪು ನಾಲ್ಕರ ಮೇಲೆ ಕೂರಬೇಕು, ಇಲ್ಲವೇ ಮನೆಯಲ್ಲಿ ಆಟಿನ್ ಎರಡು ಬಂದಿರಬೇಕು. ಮೂರೂ ಅದರ ಅಡಿಯಲ್ಲೇ ಸಿಕ್ಕಿಬಿದ್ದಿವೆ. ಎಷ್ಟು ಬುದ್ಧಿವಂತರು ಆಡಿದರೂ ಈ ಆಟ ಗೆಲ್ಲುವುದಿಲ್ಲ.

ಮುಚ್ಚಿದ ಎಲೆಗಳೆಲ್ಲ ಯಾವುವೆಂದು ಮೊದಲೇ ತಿಳಿದಿದ್ದು, ಮೂರು ಮೂರು ತೆಗೆಯುವ ಕಟ್ಟನ್ನು ಎಷ್ಟು ಬಾರಿ ಬೇಕಾದರೂ ತಿರುಗಿಸಬಹುದಾದರೆ ನೂರಕ್ಕೆ ಸುಮಾರು 82 ಆಟಗಳಿಗೆ ಗೆಲ್ಲುವ ದಾರಿ ಇದ್ದೇ ಇದೆ ಎಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಚಾರ್ಲಿ ಬ್ಲೇಕ್ ಮತ್ತು ಇಯಾನ್ ಜೆಂಟ್ ಕಂಪ್ಯೂಟರಿನ ಸಹಾಯದಿಂದ ಲೆಕ್ಕ ಹಾಕಿದ್ದಾರೆ. ನಮಗೆ ಮುಚ್ಚಿದ ಎಲೆಗಳು ಕಾಣುವುದಿಲ್ಲವಾದ್ದರಿಂದ ನಾವು ಗೆಲ್ಲುವುದು ಇದಕ್ಕಿಂತ ಬಹಳ ಕಡಿಮೆ. ಮೈಕ್ರೋಸಾಫ್ಟ್ ಕಲೆಕ್ಷನ್ನಿನಂಥ ಹೊಸ ಆವೃತ್ತಿಗಳಲ್ಲಿ ಗೆಲ್ಲಲು ಸಾಧ್ಯವೆಂದು ಮೊದಲೇ ಪರೀಕ್ಷಿಸಿದ ಆಟಗಳನ್ನು ಕೇಳಿ ಪಡೆಯಬಹುದು. ಕಲಿಕೆಯ ಮೊದಲ ವಾರಗಳಲ್ಲಿ ಅವನ್ನೇ ಆಡುವುದು ಒಳ್ಳೆಯದು. ಸೋತಾಗ ತಪ್ಪು ಎಲೆಗಳದ್ದೋ ತನ್ನದೋ ಎಂಬ ಅನುಮಾನ ಆಗ ಉಳಿಯುವುದಿಲ್ಲ.

ಅನ್‌ಡೂ ಒತ್ತಿ ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮೋಸವಲ್ಲವೇ?

ಎದುರಿಗೆ ಯಾರೂ ಇಲ್ಲದ ಆಟದಲ್ಲಿ ಯಾರಿಗೆ ಮೋಸ? ಕಲಿಯುವವರಿಗೆ ಅನ್‌ಡೂಗಿಂತ ಒಳ್ಳೆಯ ಗುರುವಿಲ್ಲ ಎಂಬುದು ನನ್ನ ಅಭಿಪ್ರಾಯ. ಆಟ ನಿಂತುಹೋದಾಗ ಹೊಸದನ್ನು ಹಂಚಿಕೊಳ್ಳದೆ, ಒಂದೊಂದೇ ನಡೆ ಹಿಂದಕ್ಕೆ ಹೋಗಿ, ಎರಡು ದಾರಿಗಳಿದ್ದ ಜಾಗದಲ್ಲಿ ನಿಂತು ಇನ್ನೊಂದು ದಾರಿಯನ್ನು ಹಿಡಿದು ನೋಡಬೇಕು. ಯಾವ ನಡೆಯಲ್ಲಿ ಕೆಟ್ಟಿತೆಂಬುದು ಕಣ್ಣಿಗೆ ಕಾಣುತ್ತದೆ. ಹಿಂಟ್ ಗುಂಡಿಯ ಬಗ್ಗೆ ಇದೇ ಮಾತನ್ನು ಹೇಳಲಾರೆ. ಅದು ಆಡಬಹುದಾದ ನಡೆಯನ್ನು ತೋರಿಸುತ್ತದೆಯೇ ಹೊರತು ಆಡಬೇಕಾದ ನಡೆಯನ್ನು ತೋರಿಸುತ್ತದೆ ಎಂದು ನಂಬುವಂತಿಲ್ಲ.

ಅಂಕಗಳ ಲೆಕ್ಕ ಹೇಗೆ?

ಆವೃತ್ತಿಯಿಂದ ಆವೃತ್ತಿಗೆ ವ್ಯತ್ಯಾಸವಿದೆ. ಹಳೆಯ ವಿಂಡೋಸ್ ಸಾಲಿಟೇರಿನ ಸಾಧಾರಣ ಲೆಕ್ಕದಲ್ಲಿ ಮುಚ್ಚಿದ ಎಲೆ ತೆರೆದರೆ 5, ಕಟ್ಟಿನ ಎಲೆಯನ್ನು ಸಾಲಿಗೆ ಇಳಿಸಿದರೆ 5, ಮನೆ ಸೇರಿಸಿದರೆ 10 ಅಂಕ ಸಿಗುತ್ತಿದ್ದವು. ‘ವೇಗಸ್’ ಎಂಬ ಇನ್ನೊಂದು ಲೆಕ್ಕವಿದೆ: ಆಟದ ಮೊದಲೇ 52 ಡಾಲರ್ ಕಳೆಯುತ್ತದೆ, ಮನೆ ಸೇರಿದ ಒಂದೊಂದು ಎಲೆಗೂ 5 ಡಾಲರ್ ಕೂಡುತ್ತದೆ. ಹನ್ನೊಂದು ಎಲೆ ಮನೆ ಸೇರಿದರೆ ಬಂಡವಾಳ ಬಂದು ಮೂರು ಡಾಲರ್ ಉಳಿಯಿತು. ಐವತ್ತೆರಡೂ ಸೇರಿದರೆ ಲಾಭ 208. ಡಾಲರ್ ಬರಿಯ ಪರದೆಯ ಮೇಲಿನದು. ಕಲಿಯುವವರು ಅಂಕ ಮತ್ತು ಗಡಿಯಾರ ಎರಡನ್ನೂ ಮುಚ್ಚಿಟ್ಟು ಆಡಬಹುದು.

ಮನೆಯಲ್ಲಿ ಹಿರಿಯರು ಇಸ್ಪೀಟು ಎಂದರೆ ಜೂಜು ಎನ್ನುತ್ತಾರೆ. ಇದೂ ಜೂಜೇ?

ಪಣವಿಲ್ಲ, ಎದುರಾಳಿಯಿಲ್ಲ, ಕೊಡುವುದು ಕೊಳ್ಳುವುದು ಇಲ್ಲ. ಆದ್ದರಿಂದ ಇದು ಜೂಜಲ್ಲ. ಆದರೆ ಸಾಲಿಟೇರಿನ ಹೆಸರಿನಲ್ಲೇ ಹಣ ಕಟ್ಟಿ ಪೈಪೋಟಿಗೆ ಕರೆಯುವ ಮೊಬೈಲ್ ಆ್ಯಪ್‌ಗಳೂ ಇವೆ, ಅವುಗಳ ಮಾತು ಬೇರೆ. ಆ್ಯಪ್ ಬ್ಯಾಂಕಿನ ವಿವರವನ್ನೋ ಯುಪಿಐ ಪಾವತಿಯನ್ನೋ ಕೇಳಿತೆಂದರೆ ಅದು ಈ ಪುಟದಲ್ಲಿ ಹೇಳುತ್ತಿರುವ ಆಟವಲ್ಲ. ಅಂಥದ್ದನ್ನು ತೆಗೆದುಹಾಕಿ.

ಫ್ರೀಸೆಲ್ ಆಟಕ್ಕೂ ಇದಕ್ಕೂ ವ್ಯತ್ಯಾಸವೇನು?

ಫ್ರೀಸೆಲ್‌ನಲ್ಲಿ ಮುಚ್ಚಿದ ಎಲೆಯೇ ಇಲ್ಲ. ಐವತ್ತೆರಡು ಎಲೆಗಳೂ ಎಂಟು ಸಾಲುಗಳಲ್ಲಿ ತೆರೆದು ಹರಡಿರುತ್ತವೆ. ಮೊದಲ ನಾಲ್ಕರಲ್ಲಿ ಏಳೇಳು, ಉಳಿದ ನಾಲ್ಕರಲ್ಲಿ ಆರಾರು. ಮನೆಗಳಲ್ಲದೆ ಇನ್ನೂ ನಾಲ್ಕು ಬಿಡಿ ಜಾಗಗಳಿದ್ದು, ಒಂದೊಂದರಲ್ಲಿ ಒಂದೊಂದು ಎಲೆಯನ್ನು ತಾತ್ಕಾಲಿಕವಾಗಿ ಇರಿಸಬಹುದು. ಖಾಲಿ ಸಾಲಿಗೆ ರಾಜನೇ ಬರಬೇಕೆಂಬ ಕಟ್ಟಳೆಯೂ ಇಲ್ಲ. ಎಲ್ಲವೂ ಕಣ್ಣ ಮುಂದೆ ಇರುವುದರಿಂದ ಸೋತರೆ ಅದೃಷ್ಟವನ್ನು ದೂರುವಂತಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪಾಲ್ ಆಲ್ಫಿಲ್ 1978ರಲ್ಲಿ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಗಾಗಿ ಇದನ್ನು ಬರೆದರು. ಜಿಮ್ ಹಾರ್ನ್ ಅದನ್ನು ವಿಂಡೋಸ್‌ಗೆ ತಂದರು.

ವಿಂಡೋಸ್ ಫ್ರೀಸೆಲ್‌ನಲ್ಲಿ ಮೊದಲಿಗೆ 32,000 ಆಟಗಳಿದ್ದು ಪ್ರತಿಯೊಂದಕ್ಕೂ ಸಂಖ್ಯೆ ಇತ್ತು. ಅವೆಲ್ಲವನ್ನೂ ಗೆಲ್ಲಬಹುದೇ ಎಂದು ತಿಳಿಯಲು 1994ರಲ್ಲಿ ಡೇವ್ ರಿಂಗ್ ಎಂಬುವರು ಅಂತರ್ಜಾಲದಲ್ಲಿ ಜನರನ್ನು ಕೂಡಿಸಿ, ಆಟಗಳನ್ನು ಪಾಲು ಹಂಚಿ ಆಡಿಸಿದರು. ಕೊನೆಗೆ ಯಾರಿಗೂ ಮಣಿಯದೆ ಉಳಿದದ್ದು ಒಂದೇ ಒಂದು, 11982ನೆಯ ಆಟ. ನಿಮಗೆ ಆ ಸಂಖ್ಯೆ ಸಿಕ್ಕಿದರೆ ತಲೆ ಕೆಡಿಸಿಕೊಳ್ಳಬೇಡಿ.

ಕಲಿಯುವವರಿಗೆ ಇಲ್ಲಿ ಗೊಂದಲ ತರುವುದು ಒಟ್ಟಿಗೆ ಎಷ್ಟು ಎಲೆ ಎತ್ತಬಹುದೆಂಬ ಲೆಕ್ಕ. ನಿಯಮದ ಪ್ರಕಾರ ಎತ್ತುವುದು ಒಂದೊಂದೇ. ಬಿಡಿ ಜಾಗಗಳಲ್ಲಿ ಇಟ್ಟು ತೆಗೆಯುವ ಕೆಲಸವನ್ನು ಕಂಪ್ಯೂಟರ್ ನಿಮ್ಮ ಪರವಾಗಿ ಮಾಡುತ್ತದೆ, ಅಷ್ಟೆ. ಆದ್ದರಿಂದ ಖಾಲಿ ಇರುವ ಬಿಡಿ ಜಾಗಗಳಿಗೆ ಒಂದು ಕೂಡಿಸಿದರೆ ಬರುವಷ್ಟು ಎಲೆಗಳನ್ನು ಸರಿಸಬಹುದು. ನಾಲ್ಕೂ ಖಾಲಿ ಇದ್ದರೆ ಐದು, ಎರಡು ಖಾಲಿ ಇದ್ದರೆ ಮೂರು. ಇದರ ಮೇಲೆ ಒಂದು ಸಾಲೂ ಖಾಲಿ ಇದ್ದರೆ ಆ ಸಂಖ್ಯೆ ಇಮ್ಮಡಿಯಾಗುತ್ತದೆ, ಐದು ಇದ್ದದ್ದು ಹತ್ತಾಗುತ್ತದೆ. ಆದರೆ ಆ ಖಾಲಿ ಸಾಲಿಗೇ ಸರಿಸುವುದಾದರೆ ಇಮ್ಮಡಿಯಿಲ್ಲ.

ಸ್ಪೈಡರ್ ಕಲಿಯುವುದು ಯಾವಾಗ?

ಕ್ಲಾಂಡೈಕ್ ಕೈ ಹತ್ತಿದ ಮೇಲೆ. ಸ್ಪೈಡರ್ ಆಟಕ್ಕೆ ಎರಡು ಕಟ್ಟು, ಅಂದರೆ 104 ಎಲೆ. ಹತ್ತು ಸಾಲುಗಳಲ್ಲಿ 54 ಎಲೆ ಹಂಚಿ, ಉಳಿದ 50 ಎಲೆಗಳನ್ನು ಸಾಲಿಗೊಂದರಂತೆ ಐದು ಬಾರಿ ಮೇಲಿನಿಂದ ಸುರಿಯುತ್ತಾರೆ. ರಾಜನಿಂದ ಎಕ್ಕದವರೆಗೆ ಒಂದೇ ಜಾತಿಯ ಹದಿಮೂರು ಎಲೆ ಒಂದು ಸಾಲಿನಲ್ಲಿ ಕೂಡಿದರೆ ಆ ಸರಣಿ ಆಟದಿಂದ ಹೊರಹೋಗುತ್ತದೆ. ಎಲ್ಲ ಎಲೆಗಳೂ ಒಂದೇ ಜಾತಿಯವಾಗಿರುವ ಹಂತದಿಂದ ತೊಡಗಿ. ನಾಲ್ಕು ಜಾತಿಯ ಹಂತ ಬಹಳ ಕಠಿಣ.

ಕ್ಲಾಂಡೈಕ್ ಸಾಲಿಟೇರ್ ವಿಂಡೋಸ್‌ಗೆ ಬಂದದ್ದು ಹೇಗೆ?

ಮೈಕ್ರೋಸಾಫ್ಟ್ ಕಂಪನಿಯಲ್ಲಿ ಇಂಟರ್ನ್ ಆಗಿದ್ದ ವೆಸ್ ಚೆರಿ 1980ರ ದಶಕದ ಕೊನೆಯಲ್ಲಿ ಇದನ್ನು ಬರೆದರು. 1990ರಲ್ಲಿ ವಿಂಡೋಸ್ 3.0 ಜೊತೆಗೆ ಅದು ಹೊರಬಂತು. ಎಲೆಗಳ ಚಿತ್ರ ಬಿಡಿಸಿದವರು ಸೂಸನ್ ಕೇರ್; ಆ್ಯಪಲ್ ಮ್ಯಾಕಿಂಟಾಷ್‌ನ ಮೊದಲ ಐಕಾನ್‌ಗಳೂ ಅವರವೇ. ಜಗತ್ತಿನಾದ್ಯಂತ ಹರಡಿದ ಈ ಆಟಕ್ಕೆ ಚೆರಿಯವರಿಗೆ ರಾಯಧನ ಸಿಗಲಿಲ್ಲ. ಮೇಲಧಿಕಾರಿ ಬಂದಾಗ ಒಂದು ಕೀಲಿ ಒತ್ತಿದರೆ ಪರದೆಯ ಮೇಲೆ ಕಚೇರಿ ಕೆಲಸದಂಥ ಹುಸಿ ಚಿತ್ರ ಮೂಡುವ ಏರ್ಪಾಟನ್ನೂ ಅವರು ಮೊದಲು ಸೇರಿಸಿದ್ದರು. ಕಂಪನಿ ಅದನ್ನು ತೆಗೆಸಿತು. ಆ ಕೀಲಿ ಉಳಿದಿದ್ದರೆ 2006ರಲ್ಲಿ ನ್ಯೂಯಾರ್ಕ್ ನಗರಾಡಳಿತದ ಒಬ್ಬ ನೌಕರರ ಕೆಲಸ ಉಳಿಯುತ್ತಿತ್ತೋ ಏನೋ. ಮೇಯರ್ ಮೈಕೆಲ್ ಬ್ಲೂಂಬರ್ಗ್ ಕಚೇರಿಗೆ ಬಂದಾಗ ಅವರ ಪರದೆಯ ಮೇಲೆ ಸಾಲಿಟೇರ್ ಕಂಡು, ಅವರನ್ನು ಕೆಲಸದಿಂದ ತೆಗೆದರು. 2019ರಲ್ಲಿ ಮೈಕ್ರೋಸಾಫ್ಟ್ ಸಾಲಿಟೇರನ್ನು ಅಮೆರಿಕದ ರಾಚೆಸ್ಟರ್ ನಗರದಲ್ಲಿರುವ ಸ್ಟ್ರಾಂಗ್ ಆಟಿಕೆ ಸಂಗ್ರಹಾಲಯದ ವಿಶ್ವ ವಿಡಿಯೋ ಗೇಮ್ ಗೌರವ ಪಟ್ಟಿಗೆ ಸೇರಿಸಲಾಯಿತು.

ನಿಜವಾದ ಎಲೆಗಳಲ್ಲಿ ಆಡಿ ಕಲಿಯುವುದರಿಂದ ಪ್ರಯೋಜನವಿದೆಯೇ?

ಇದೆ. ಮನೆಯಲ್ಲಿರುವ ಹಳೆಯ ಕಟ್ಟಿನಿಂದ ಜೋಕರ್ ತೆಗೆದು, ಚೆನ್ನಾಗಿ ಕಲೆಸಿ, ಚಾಪೆಯ ಮೇಲೆ ಏಳು ಸಾಲು ಹಂಚಿ ಒಂದೆರಡು ಆಟ ಆಡಿದವರಿಗೆ ಯಾವ ಎಲೆ ಎಲ್ಲಿ ಅಡಗಿದೆ ಎಂಬ ಅರಿವು ಬೇಗ ಬರುತ್ತದೆ. ತಪ್ಪು ನಡೆಯನ್ನು ತಡೆಯಲು ಅಲ್ಲಿ ಕಂಪ್ಯೂಟರ್ ಇರುವುದಿಲ್ಲವಾದ್ದರಿಂದ ನಿಯಮವೂ ಗಟ್ಟಿಯಾಗಿ ನಿಲ್ಲುತ್ತದೆ. ಸೋತ ಆಟದ ಮುಚ್ಚಿದ ಎಲೆಗಳನ್ನು ಎತ್ತಿ ನೋಡಿ ಕುತೂಹಲ ತಣಿಸಿಕೊಳ್ಳುವ ಅನುಕೂಲ ಬೇರೆ.

ಆಟ ನಿಂತಿದೆ, ಇನ್ನು ನಡೆಯಿಲ್ಲ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಕಟ್ಟನ್ನು ಒಂದು ಪೂರ್ಣ ಸುತ್ತು ತಿರುಗಿಸಿ. ಆ ಸುತ್ತಿನಲ್ಲಿ ಕಟ್ಟಿನಿಂದ ಒಂದೂ ಎಲೆ ಆಡಲಾಗದಿದ್ದರೆ, ಮತ್ತು ಸಾಲುಗಳ ನಡುವೆಯೂ ಯಾವ ನಡೆ ಇಲ್ಲದಿದ್ದರೆ, ಎಷ್ಟು ತಿರುಗಿಸಿದರೂ ಬೇರೆ ಎಲೆ ಬರುವುದಿಲ್ಲ. ಬಿಡುವ ಮುನ್ನ ಇನ್ನೆರಡು ಕಡೆ ಕಣ್ಣಾಡಿಸಬೇಕು. ಮೊದಲನೆಯದು, ಸರಣಿಯ ಒಂದು ಭಾಗವನ್ನು ಮಾತ್ರ ಎತ್ತಿ ಇನ್ನೊಂದು ಸಾಲಿಗೆ ಸರಿಸಿದರೆ ಉಳಿದ ಎಲೆ ಮನೆಗೆ ಹೋಗಬಹುದೇ ಎಂಬುದು. ಎರಡನೆಯದು, ಮನೆಯಿಂದ ಒಂದು ಎಲೆಯನ್ನು ಸಾಲಿಗೆ ಇಳಿಸಿ, ಅದರ ಮೇಲೆ ಇನ್ನೊಂದನ್ನು ಕೂರಿಸಿದರೆ ಮುಚ್ಚಿದ ಎಲೆ ತೆರೆಯಬಹುದೇ ಎಂಬುದು. ಆಡಿ ಪಳಗಿದವರೂ ಇದನ್ನು ಮರೆಯುತ್ತಾರೆ. ಇವೆರಡೂ ಇಲ್ಲವೆಂದಾದರೆ ಹೊಸ ಆಟ ಹಂಚಿಕೊಳ್ಳಬಹುದು.